ಅಮಾವಾಸ್ಯೆಯ ದಿನ ಸೈಕಲ್ ಎಣಿಸಿದ್ದು

ನಮ್ಮ ಊರಿನ ಹೆಸರು ಬರೆಯುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಇವುಗಳಲ್ಲಿ ಒಂದು ಎಂದು ತಿಳಿದುಕೊಂಡರೆ ಸಾಕು. ಐದೂ ಊರುಗಳಲ್ಲಿ ನಾನು ಸೈಕಲ್ ತುಳಿದಿದ್ದೇನೆ, ಐದೂ ಕಡೆ ತಲೆನೋವು ಒಂದೇ. ಮೊದಲು ರಸ್ತೆ ಅಗಲ ಮಾಡುತ್ತಾರೆ. ಅಗಲವಾದಷ್ಟು ಜಾಗದಲ್ಲಿ ಟಂಟಂ ಆಟೋ, ಕಾರು, ಕಬ್ಬಿನ ಹಾಲಿನ ಗಾಡಿ ಬಂದು ನಿಲ್ಲುತ್ತವೆ. ರಸ್ತೆ ಮತ್ತೆ ಮೊದಲಿನಷ್ಟೇ ಆಗುತ್ತದೆ. ಆಮೇಲೆ ನಡುವೆ ಡಿವೈಡರ್ ಕಟ್ಟುತ್ತಾರೆ. ಆಗ ಮೊದಲಿಗಿಂತ ಕಡಿಮೆಯಾಗುತ್ತದೆ. ಸೈಕಲ್ಲಿನವನು ಚರಂಡಿಯ ಮೇಲೆ ಹಾಸಿದ ಕಲ್ಲುಗಳ ಮೇಲೆ ಗಡಗಡ ಅನ್ನಿಸಿಕೊಂಡು ಹೋಗಬೇಕು. ಆ ಕಲ್ಲುಗಳಲ್ಲಿ ಎರಡು ಮೂರು ಯಾವಾಗಲೂ ಇರುವುದಿಲ್ಲ.

ಆ ಡಿವೈಡರಿನಲ್ಲಿ ಸೈಕಲ್ ದಾಟಲು ಒಂದು ಸಂದು ಬಿಡಿಸಲು ನಾವು ಕೆಲವರು ಪಟ್ಟ ಪಾಡನ್ನು ಬರೆಯಬೇಕೆಂದು ಕೂತಿದ್ದೇನೆ. ಒಂದು ಅಡ್ಡಿ ಇದೆ. ನನ್ನ ನೆನಪನ್ನು ನಾನು ನಂಬುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದುವಾಗ, ಜನ ಹೇಳಿದ್ದನ್ನು ಹೇಳಿದ ಹಾಗೆಯೇ ನಂಬಬಾರದು ಎಂದು ಕಲಿಸಿದರು. ಯಾರಾದರೂ ತನಗೆ ಚೆನ್ನಾಗಿ ನೆನಪಿದೆ ಎಂದರೆ, ಆ ಸಾಲಿನ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಒಂದು ಪ್ರಶ್ನೆಯ ಗುರುತು ಹಾಕುವುದು ನನಗೆ ಚಟವಾಯಿತು. ಊರಿಗೆ ಬಂದು ಕಾಲೇಜಿನಲ್ಲಿ ಪಾಠ ಹೇಳುತ್ತಾ ಇಪ್ಪತ್ತೈದು ವರ್ಷ ಕಳೆದೆ. ಐವತ್ತು ದಾಟಿದ ಮೇಲೆ ಆ ಪೆನ್ಸಿಲ್ಲು ನನ್ನ ಕಡೆಗೇ ತಿರುಗಿತು. ಆದ್ದರಿಂದ ಇದರಲ್ಲಿ ಎಲ್ಲಿ ನನಗೆ ಸಂಶಯವಿದೆಯೋ ಅಲ್ಲಿ ಹೇಳುತ್ತಾ ಹೋಗುತ್ತೇನೆ. ಓದುವವರಿಗೆ ಕಿರಿಕಿರಿಯಾಗಬಹುದು. ನನಗೂ ಆಗುತ್ತದೆ.

ಸೈಕಲ್ ಅಂಗಡಿಯವನು ಏಳನೇ ತರಗತಿಯವರೆಗೆ ನನ್ನ ಜೊತೆ ಓದಿದವನು. ಜನರೆದುರು ನನ್ನನ್ನು ‘ಸರ’ ಎನ್ನುತ್ತಾನೆ, ಇಬ್ಬರೇ ಇದ್ದಾಗ ‘ಲೇ’ ಎನ್ನುತ್ತಾನೆ. ಸಿಟ್ಟು ಬಂದರೆ ಮಾತ್ರ ಇಬ್ಬರೇ ಇದ್ದಾಗಲೂ ‘ಸರ’. ಅವನ ತಂದೆ ಬಾಡಿಗೆ ಸೈಕಲ್ ಕೊಡುತ್ತಿದ್ದ ಜಾಗದಲ್ಲಿಯೇ, ರಸ್ತೆಯ ಮೂಡಣ ಬದಿಯಲ್ಲಿ, ಹೈಸ್ಕೂಲಿನ ಕಾಂಪೌಂಡಿಗೆ ಒರಗಿ ಅವನ ಅಂಗಡಿ. ಅಂಗಡಿ ಎಂದರೆ ಮೇಲೊಂದು ಹೊದಿಕೆ, ಕೆಳಗೊಂದು ಪೆಟ್ಟಿಗೆ, ಒಂದು ಪಂಪು, ಟ್ಯೂಬ್ ಮುಳುಗಿಸಿ ನೋಡುವ ನೀರಿನ ಬುಟ್ಟಿ. ಬಾಡಿಗೆ ಸೈಕಲ್ ಕೇಳುವವರು ಈಗಿಲ್ಲ. ಪಂಕ್ಚರ್, ಚೈನು, ಬ್ರೇಕು, ರಿಮ್ಮಿನ ಬೆಂಡು ತೆಗೆಯುವುದು, ಇವುಗಳಲ್ಲಿ ಅವನ ಮನೆ ನಡೆಯುತ್ತದೆ.

ಅವನ ಗಿರಾಕಿಗಳೆಲ್ಲ ಇರುವುದು ಪಡುವಣ ಬದಿಯ ಕಾಲೊನಿಯಲ್ಲಿ. ಗಾರೆ ಕೆಲಸದ ಗೌಂಡಿಗಳು, ಮಾರ್ಕೆಟ್ ಯಾರ್ಡಿನಲ್ಲಿ ಚೀಲ ಹೊರುವ ಹಮಾಲರು, ಇಟ್ಟಿಗೆ ಭಟ್ಟಿಗೆ ಹೋಗುವವರು. ಊರಿನಲ್ಲಿ ಇನ್ನೂ ನಿತ್ಯ ಸೈಕಲ್ ತುಳಿಯುವವರೆಂದರೆ ಇವರೇ. ಬೆಳಿಗ್ಗೆ ಕರಣಿಯನ್ನೂ ಬುತ್ತಿಯನ್ನೂ ಒಂದೇ ಚೀಲದಲ್ಲಿಟ್ಟು ಹ್ಯಾಂಡಲ್ಲಿಗೆ ನೇತುಹಾಕಿಕೊಂಡು, ರಸ್ತೆ ದಾಟಿ, ಅವನ ಹತ್ತಿರ ಗಾಳಿ ಹೊಡೆಸಿಕೊಂಡು ಕೆಲಸಕ್ಕೆ ಹೋಗುತ್ತಾರೆ. ಡಿವೈಡರಿನ ನಕ್ಷೆ ಲೋಕೋಪಯೋಗಿ ಕಚೇರಿಯ ನೋಟಿಸ್ ಬೋರ್ಡಿಗೆ ಬಂದಾಗ ನಾನು ಹೋಗಿ ನೋಡಿದೆ. ಸರ್ಕಲ್ಲಿನಿಂದ ಮಾರ್ಕೆಟ್ ಯಾರ್ಡಿನವರೆಗೆ ಎಲ್ಲಿಯೂ ಒಂದು ಸಂದಿರಲಿಲ್ಲ. ಅದು ಹಾಗೇ ಬಂದರೆ ಕಾಲೊನಿಯವರು ಅಂಗಡಿಗೆ ಬರಲು ಸರ್ಕಲ್ಲಿನವರೆಗೆ ಹೋಗಿ ಸುತ್ತಿಕೊಂಡು ಬರಬೇಕು. ಪಂಕ್ಚರ್ ಆದ ಸೈಕಲ್ಲನ್ನು ತಳ್ಳಿಕೊಂಡು ಅಷ್ಟು ದೂರ ಯಾರು ಬರುತ್ತಾರೆ? ಅಂಗಡಿಯನ್ನೇ ಆ ಬದಿಗೆ ಒಯ್ಯೋಣವೆಂದರೆ ಅಲ್ಲಿ ದೊಡ್ಡ ಚರಂಡಿ, ಅದಕ್ಕೆ ಹೊಂದಿಕೊಂಡು ಗೋದಾಮಿನ ಗೋಡೆ. ಅಂಗಡಿಯೆದುರು ಸಂದು ಬಿಟ್ಟರೆ ಅವನ ಕೆಲಸ ಉಳಿಯುತ್ತದೆ, ಬಿಡದಿದ್ದರೆ ಆರು ತಿಂಗಳಲ್ಲಿ ಪೆಟ್ಟಿಗೆ ಮುಚ್ಚಬೇಕು. ಇದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮೂರನೆಯವರು ಹೈಸ್ಕೂಲಿನಲ್ಲಿ ಬಿಸಿಯೂಟ ಮಾಡುವ ಅಕ್ಕ. ಗುಡೇಕೋಟೆ ಕಡೆಯವರು, ಮದುವೆಯಾಗಿ ಕಾಲೊನಿಗೆ ಬಂದವರು. ಮಗಳಿಗೆ ಸರ್ಕಾರ ಕೊಟ್ಟ ಸೈಕಲ್ಲು, ಮಗಳು ಬಸ್ಸಿನಲ್ಲಿ ಕಾಲೇಜಿಗೆ ಹೋಗತೊಡಗಿದ ಮೇಲೆ ಗೋಡೆಗೆ ಒರಗಿ ತುಕ್ಕು ಹಿಡಿಯುತ್ತಿತ್ತಂತೆ. ನಲವತ್ತು ದಾಟಿದ ಮೇಲೆ ಅದನ್ನು ತಾವೇ ಕಲಿತರು. ಕಲಿಸಿದವನು ಅಂಗಡಿಯವನು. ಶಾಲೆಯ ಮೈದಾನದಲ್ಲಿ ಹತ್ತು ಮಾರು ದೂರ ನಿಂತು, ಮುಂದ ನೋಡು, ಚಕ್ರ ನೋಡಬ್ಯಾಡ ಎಂದು ಕೂಗುತ್ತಾ ಕಲಿಸಿದ. ಈಗ ಅಕ್ಕ ತರಕಾರಿ ಚೀಲ ಕ್ಯಾರಿಯರಿಗೆ ಕಟ್ಟಿಕೊಂಡು ಲಾರಿಗಳ ನಡುವೆ ನುಗ್ಗುವುದನ್ನು ನೋಡಿದರೆ ನಾನು ನಿಂತಲ್ಲೇ ನನ್ನ ಬ್ರೇಕು ಒತ್ತುತ್ತೇನೆ.

ಸಾರ್ವಜನಿಕರ ಸಲಹೆ ಕೇಳುವ ಸಭೆ ಎಂದು ಒಂದನ್ನು ಕರೆದರು. ಸಭೆಗೆ ಹೋಗುವ ಮೊದಲು ನಾನು ಎರಡು ಪುಟದ ಮನವಿ ಬರೆದಿದ್ದೆ. ಅದನ್ನು ಓದಲು ಬಿಡಲಿಲ್ಲ. ಒಬ್ಬರು ಬೀದಿ ದೀಪದ ಬಗ್ಗೆ ಮಾತಾಡಿದರು. ಇನ್ನೊಬ್ಬರು ಸರ್ಕಲ್ಲಿನಲ್ಲಿ ಯಾರ ಪ್ರತಿಮೆ ಇರಬೇಕೆಂದು ಎತ್ತಿದರು, ಅದರಲ್ಲಿ ಒಂದು ಗಂಟೆ ಹೋಯಿತು. ಕೊನೆಗೆ ನನ್ನ ಸರದಿ ಬಂದಾಗ, ಸೈಕಲ್ಲಿಗೆ ರಸ್ತೆಯ ಅಂಚಿನಲ್ಲಿ ಒಂದು ಪಟ್ಟಿ, ಡಿವೈಡರಿನಲ್ಲಿ ಒಂದು ಸಂದು ಎಂದು ಬಾಯಿ ತೆರೆದೆ. ಮುಂದಿನ ಕುರ್ಚಿಯಲ್ಲಿದ್ದ ಬಟ್ಟೆ ವ್ಯಾಪಾರಿ ಹಿಂದಕ್ಕೆ ತಿರುಗಿ, ಈಗಿನ ಕಾಲದಾಗ ಸೈಕಲ್ ಯಾರ್ ಹೊಡಿತಾರ್ರಿ ಸರ, ಎಂದು ನಕ್ಕರು.

ಹಿಂದಿನ ಬಾಗಿಲ ಹತ್ತಿರ ನಿಂತಿದ್ದ ಅಕ್ಕ ಕೇಳಿದರು: “ನಿಮ್ಮ ಮನಿ ಕಟ್ಟಿದ ಗೌಂಡಿ ಏನ್ ಕಾರಿನ್ಯಾಗ ಬಂದಿದ್ನೇನ್ರಿ ಯಜಮಾನ್ರ?”

ಜನ ನಕ್ಕರು. ವ್ಯಾಪಾರಿಯೂ ನಕ್ಕರು. ಆ ನಗುವಿನಿಂದಲೇ ರಸ್ತೆ ಕೆಲಸದ ಎಂಜಿನಿಯರು ನಮ್ಮ ಕಡೆ ನೋಡಿದರು ಎಂದು ಈಗಲೂ ನನ್ನ ಅನುಮಾನ. ನನ್ನ ಎರಡು ಪುಟದಿಂದ ಖಂಡಿತ ಅಲ್ಲ. ಎಂಜಿನಿಯರು ದಾವಣಗೆರೆ ಕಡೆಯ ಹುಡುಗ, ಮೂವತ್ತು ತುಂಬಿರಲಿಲ್ಲ, ಒಳ್ಳೆಯ ಮಾತಿನವರು. “ನಂದೇನೂ ಅಡ್ಡಿ ಇಲ್ಲ ಸರ್. ಆ ಜಾಗದಲ್ಲಿ ಬೆಳಿಗ್ಗೆ ಎಷ್ಟು ಸೈಕಲ್ ದಾಟ್ತವೆ, ಸಂಜೆ ಎಷ್ಟು, ಒಂದು ದಿನ ಎಣಿಸಿ ಬರೆದು ಕೊಡ್ರಿ. ಡ್ರಾಯಿಂಗ್‌ಗೆ ಸೇರಿಸಿ ಮೇಲಕ್ಕೆ ಕಳಿಸ್ತೀನಿ,” ಎಂದರು. ತಿಂಗಳ ಕೊನೆಯೊಳಗೆ ಕೊಡಬೇಕು ಎಂದೂ ಸೇರಿಸಿದರು.

ಇಷ್ಟು ಸುಲಭದ ಕೆಲಸವನ್ನು ಕೆಡಿಸಲು ಓದಿದವನೇ ಬೇಕಾಗಿತ್ತು.

ಅಂಗಡಿಯವನು ಸಂತೆಯ ದಿನ ಎಣಿಸೋಣ ಎಂದ. ಸಂತೆಯ ದಿನ ಕಾಲೊನಿಯಿಂದ ಅಷ್ಟೇ ಅಲ್ಲ, ಸುತ್ತಿನ ಹಳ್ಳಿಗಳಿಂದಲೂ ಸೈಕಲ್ಲುಗಳು ಬರುತ್ತವೆ, ರಸ್ತೆ ತುಂಬುತ್ತದೆ. ನಾನು ಒಪ್ಪಲಿಲ್ಲ. ನಮಗೆ ಬೇಕಾದ ದಿನವನ್ನು ನಾವೇ ಆರಿಸಿಕೊಂಡರೆ ಅದು ಎಣಿಕೆ ಹೇಗಾಗುತ್ತದೆ, ನಾಳೆ ಯಾರಾದರೂ ಕೇಳಿದರೆ ಏನು ಹೇಳುವುದು ಎಂದು, ಅವನು ಒಂದು ಚೈನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ಹಾಕುವಷ್ಟು ಹೊತ್ತು ಉಪನ್ಯಾಸ ಕೊಟ್ಟೆ. ದಿನವನ್ನು ಯಾರೂ ಆರಿಸಬಾರದು, ಚೀಟಿ ಎತ್ತಬೇಕು. ಉಳಿದ ತಾರೀಖುಗಳನ್ನೆಲ್ಲ ಚೀಟಿಗಳಲ್ಲಿ ಬರೆದು ಅವನ ನಟ್ಟು ಬೋಲ್ಟಿನ ಡಬ್ಬಿಯಲ್ಲಿ ಹಾಕಿದೆ. ಅಕ್ಕ ಕಣ್ಣು ಮುಚ್ಚಿ ಒಂದು ಚೀಟಿ ಎತ್ತಿದರು. ಬಿಚ್ಚಿ ನೋಡಿದರೆ ಮುಂದಿನ ವಾರದ ಒಂದು ತಾರೀಖು.

ಇನ್ನು ಮುಂದಿನದೇ ನನ್ನ ಸಮಸ್ಯೆ. ಆ ಚೀಟಿ ಬಿಚ್ಚಿದಾಗ ಅಂಗಡಿಯವನು ತಲೆಯೆತ್ತಿ, ಅವತ್ತ ಅಮಾಸಿ ಐತಿ ಎಂದದ್ದು ನನಗೆ ಕೇಳಿಸುತ್ತದೆ. ಅವನ ದನಿ, ಆ ‘ಐತಿ’ಯನ್ನು ಎಳೆದ ರೀತಿ, ಎಲ್ಲ ಕೇಳಿಸುತ್ತದೆ. ಆದರೆ ಆ ನೆನಪಿನಲ್ಲಿ ಅವನು ಹಸಿರು ಫೈಬರ್ ಶೀಟಿನ ಕೆಳಗೆ ಕೂತಿದ್ದಾನೆ, ಅವನ ಮುಖದ ಮೇಲೆ ಹಸಿರು ಬಿದ್ದಿದೆ. ಚೀಟಿ ಎತ್ತಿದ ದಿನ ಅಲ್ಲಿ ಹಸಿರು ಶೀಟು ಇರಲೇ ಇಲ್ಲ. ಹಳೆಯ ತಗಡನ್ನು ರಸ್ತೆ ಕೆಲಸದವರು ಕಿತ್ತುಹಾಕಿದ್ದರು, ಅವನು ತಾಡಪಾಲು ಕಟ್ಟಿಕೊಂಡಿದ್ದ. ಹಸಿರು ಶೀಟು ಬಂದದ್ದು ಡಿವೈಡರ್ ಮುಗಿದ ಮೇಲೆ. ಅಂದರೆ ಆ ನೆನಪು ಆಮೇಲೆ ನಾನು ಕಟ್ಟಿಕೊಂಡದ್ದು. ಅಥವಾ ಮಾತು ನಿಜ, ಶೀಟು ಮಾತ್ರ ಆಮೇಲೆ ಬಂದು ಸೇರಿಕೊಂಡದ್ದು. ಎರಡೂ ಸಾಧ್ಯ. ಅವನು ಮೊದಲೇ ಹೇಳಿದ್ದರೆ ತಪ್ಪು ಪೂರ್ತಿ ನನ್ನದು. ಹೇಳಿರದಿದ್ದರೆ ಸ್ವಲ್ಪ ಅವನದೂ ಹೌದು. ಇದಕ್ಕಾಗಿ ನಾನು ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದೇನೆಂದು ಹೇಳಿದರೆ ನಗೆಪಾಟಲಾಗುತ್ತದೆ.

ನನ್ನ ಮನೆಯಲ್ಲಿ ಕ್ಯಾಲೆಂಡರ್ ಇಲ್ಲವೆಂದಲ್ಲ. ಅಡುಗೆಮನೆಯಲ್ಲಿ ಒಂದಿದೆ, ಅಮಾವಾಸ್ಯೆಗೆ ಕಪ್ಪು ಗುಂಡು, ಹುಣ್ಣಿಮೆಗೆ ಬಿಳಿ ಗುಂಡು ಇರುವಂಥದು. ನಾನು ಅದನ್ನು ಮುಟ್ಟುವುದು ಗ್ಯಾಸ್ ಸಿಲಿಂಡರ್ ಬಂದ ದಿನ ಗುರುತು ಹಾಕಲು ಮಾತ್ರ. ತಿಥಿ ನೋಡಿ ಬದುಕುವವರ ಬಗ್ಗೆ ಕ್ಲಾಸಿನಲ್ಲಿ ಚೇಷ್ಟೆ ಮಾಡುವುದು ನನ್ನ ಹಳೆಯ ಅಭ್ಯಾಸ.

ಆ ದಿನ ಬೆಳಿಗ್ಗೆ ಆರಕ್ಕೇ ಹೋದೆ. ಶಾಲೆಯ ಜವಾನರಿಂದ ಒಂದು ಕುರ್ಚಿ ತರಿಸಿಕೊಂಡು ಬೇವಿನ ಮರದ ಕೆಳಗೆ ಕೂತೆ. ತೊಡೆಯ ಮೇಲೆ ಗೆರೆ ಹಾಕಿದ ಹಾಳೆ. ಹಾಲಿನವನೊಬ್ಬ ದಾಟಿದ, ಒಂದು ಗೀಟು ಹಾಕಿದೆ. ಪೇಪರಿನವನು ದಾಟಿದ, ಇನ್ನೊಂದು ಗೀಟು. ಏಳಾಯಿತು. ಎಂಟಾಯಿತು. ಅಂಗಡಿಯವನು ಬಂದಿರಲಿಲ್ಲ, ಪೆಟ್ಟಿಗೆಗೆ ಬೀಗ ಹಾಕಿತ್ತು. ಇವನ ಅಂಗಡಿ ಉಳಿಸಲು ನಾನು ಬಂದು ಕೂತರೆ ಇವನು ಮಲಗಿದ್ದಾನಲ್ಲ ಎಂದು ಹಲ್ಲು ಕಡಿದೆ. ಬೈಕುಗಳು ಹೋದವು, ಬಸ್ಸುಗಳು ಹೋದವು. ಸೈಕಲ್ಲುಗಳು ಊರಿನಿಂದ ಎದ್ದು ಹೋದ ಹಾಗಿತ್ತು. ಒಂಬತ್ತರ ಹತ್ತಿರ ಅಕ್ಕ ತರಕಾರಿ ಚೀಲದೊಂದಿಗೆ ರಸ್ತೆ ದಾಟಿ ಬಂದರು. ನಾನು ಗೀಟು ಹಾಕಿದೆ.

ಅವರು ಇಳಿದು, ಹಾಳೆಯನ್ನು ನೋಡಿ, ನನ್ನನ್ನು ನೋಡಿದರು. “ಇವತ್ತ ಅಮಾಸಿ ಅಲ್ಲೇನ್ರಿ ಸರ? ಯಾರ್ ಬರ್ತಾರ?”

ನಾನು ಹುಟ್ಟಿ ಬೆಳೆದದ್ದು ಇಲ್ಲಿಯೇ. ಅಮಾವಾಸ್ಯೆಯ ದಿನ ಗೌಂಡಿ ಕರಣಿ ಮುಟ್ಟುವುದಿಲ್ಲ, ಹಮಾಲ ಚೀಲ ಎತ್ತುವುದಿಲ್ಲ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಮನೆಯಲ್ಲಿದ್ದು ಸೈಕಲ್ ತೊಳೆದು, ಹ್ಯಾಂಡಲ್ಲಿಗೆ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಮುಂದಕ್ಕೆ ತಳ್ಳಿ, ಒಳಗಿಡುತ್ತಾರೆ. ಅಂಗಡಿಯವನ ಮನೆಯಲ್ಲಿ ಆ ಪದ್ಧತಿ ಇಲ್ಲ, ಆದರೆ ಗಿರಾಕಿ ಬಾರದ ದಿನ ಕೂತು ಏನು ಮಾಡುವುದು ಎಂದು ಅವನೂ ಆ ದಿನ ಅಂಗಡಿ ತೆಗೆಯುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಹಾಳೆಗೆ ಗೆರೆ ಹಾಕಲು ಕೂತ ಮನುಷ್ಯನಿಗೆ ಗೊತ್ತಿರಲಿಲ್ಲ, ಅಷ್ಟೇ.

ಸಂಜೆಯವರೆಗೆ ಕೂತೆ. ಬಿಟ್ಟು ಏಳಬಹುದಾಗಿತ್ತು, ಏಳಲಿಲ್ಲ. ಸಂಜೆ ಅಂಗಡಿಯವನು ನಡೆದುಕೊಂಡು ಬಂದು ಹಾಳೆ ನೋಡಿದ. ಎರಡು ಕೈ ಬೆರಳಿನಲ್ಲಿ ಮುಗಿಯುವಷ್ಟು ಗೀಟುಗಳು.

“ಇದನ್ನ ಹರಿದು ಒಗಿಯಲೇ. ನಾಳಿಗೆ ಮತ್ತ ಎಣಿಸೋಣು.”

ನಾನು ಆಗುವುದಿಲ್ಲ ಎಂದೆ. ಬಂದ ಉತ್ತರ ಹಿಡಿಸಲಿಲ್ಲವೆಂದು ಪ್ರಶ್ನೆಯನ್ನೇ ಮತ್ತೆ ಕೇಳುವುದು ಮೋಸ ಎಂದೆ. ಚೀಟಿ ಎತ್ತಿದ ಮೇಲೆ ಚೀಟಿಗೆ ಬದ್ಧರಾಗಿರಬೇಕು ಎಂದೆ. ಕೆಳಗೆ ಟಿಪ್ಪಣಿ ಬರೆಯುತ್ತೇನೆ, ಈ ದಿನ ಅಮಾವಾಸ್ಯೆಯಾದ್ದರಿಂದ ಸಂಖ್ಯೆ ಕಡಿಮೆ ಎಂದು, ಓದಿದವರಿಗೆ ಅರ್ಥವಾಗುತ್ತದೆ ಎಂದೆ. ಈಗ ಬರೆಯುವಾಗ ಈ ಒಂದೊಂದು ವಾಕ್ಯಕ್ಕೂ ಮೈ ಉರಿಯುತ್ತದೆ. ಒಂದೂ ತಪ್ಪು ವಾಕ್ಯವಲ್ಲ. ಪುಸ್ತಕದಲ್ಲಿ ಹಾಗೇ ಇದೆ.

ಅವನು ಹಾಳೆಯನ್ನು ವಾಪಸ್ ಕೊಟ್ಟ. ಸುತ್ತ ಯಾರೂ ಇರಲಿಲ್ಲ. “ಆತ್ರಿ ಸರ,” ಎಂದ. ಹೊರಟುಹೋದ.

ಮರುದಿನ ಕಚೇರಿಗೆ ಒಯ್ದು ಕೊಟ್ಟೆ. ಎಂಜಿನಿಯರು ನೋಡಿ, ಇಷ್ಟೇನಾ ಸರ್ ಎಂದರು. ಕೆಳಗಿನ ಟಿಪ್ಪಣಿ ಓದಿ ಎಂದೆ. ಓದಿದರು. ಗುಮಾಸ್ತರು ಅದನ್ನು ತಮ್ಮ ನಮೂನೆಗೆ ಇಳಿಸಿಕೊಂಡರು. ನಮೂನೆಯಲ್ಲಿ ಬೆಳಿಗ್ಗೆ ಎಂದೊಂದು ಕಾಲಂ, ಸಂಜೆ ಎಂದೊಂದು ಕಾಲಂ, ಒಟ್ಟು ಎಂದೊಂದು ಕಾಲಂ ಇತ್ತು. ಟಿಪ್ಪಣಿಗೆ ಕಾಲಂ ಇರಲಿಲ್ಲ. ಕೆಲವು ವಾರದ ನಂತರ ಕೊನೆಯ ನಕ್ಷೆ ಬಂತು. ಮೊದಲಿನದೇ ನಕ್ಷೆ, ಮೇಲೊಂದು ಸೀಲು ಹೆಚ್ಚಿಗೆ. ಸೈಕಲ್ಲಿನ ಪಟ್ಟಿಯೂ ಇಲ್ಲ, ಸಂದೂ ಇಲ್ಲ.

ಕೆಲಸ ಸರ್ಕಲ್ಲಿನಿಂದಲೂ ಯಾರ್ಡಿನಿಂದಲೂ ಶುರುವಾಗಿ ಎರಡು ಗೋಡೆಗಳು ಶಾಲೆಯ ಕಡೆಗೆ ಬರತೊಡಗಿದವು. ಮಂಡಿಗಿಂತ ಎತ್ತರದ ಗೋಡೆ, ನಡುವೆ ಉಳಿದ ಜಾಗದಲ್ಲಿ ದಾರಿ ಕಟ್ಟಿದ ಜಲ್ಲಿಯ ರಾಶಿ, ಮಿಕ್ಸರ್. ಕಾಂಕ್ರೀಟು ಇನ್ನೂ ಹಸಿಯಿರುವಾಗಲೇ ಜನ ಸೈಕಲ್ಲನ್ನು ಎತ್ತಿ ಆಚೆ ಇಳಿಸಲು ಕಲಿತರು. ಹಮಾಲರಿಗೆ ಅದು ಕಷ್ಟವಲ್ಲ. ವಯಸ್ಸಾದ ಗೌಂಡಿಗಳಿಗೆ ಕಷ್ಟ. ಅವರು ಬರುವುದು ಬಿಟ್ಟರು. ಅಂಗಡಿಯವನು ನನ್ನ ಹತ್ತಿರ ಆ ವಿಷಯ ತೆಗೆಯುತ್ತಿರಲಿಲ್ಲ. ನನ್ನ ಸೈಕಲ್ಲಿನ ಬ್ರೇಕು ಸರಿ ಮಾಡಿ, ಆತ್ರಿ ಸರ, ಎಂದು ಕೊಡುತ್ತಿದ್ದ. ಅಷ್ಟು ದಿನ ಒಮ್ಮೆಯೂ ‘ಲೇ’ ಎನ್ನಲಿಲ್ಲ. ನಾನು ಅಲ್ಲಿ ನಿಲ್ಲಲಾರದೆ ಸುಮ್ಮನೆ ಹೊಳೆದಂಡೆಯ ಮಾಗಳದವರೆಗೆ ಸೈಕಲ್ ಹೊಡೆದುಕೊಂಡು ಹೋಗಿ ಹೊಳೆ ನೋಡಿ ಬರುತ್ತಿದ್ದೆ. ದಾರಿಯಲ್ಲಿ ಮನಸ್ಸಿನಲ್ಲೇ ಅಧಿಕಾರಿಗಳೊಂದಿಗೆ ಜಗಳ. ಪ್ರತಿ ಜಗಳದಲ್ಲೂ ನಾನೇ ಗೆಲ್ಲುತ್ತಿದ್ದೆ.

ಎರಡು ಗೋಡೆಗಳ ನಡುವೆ ಒಂದು ಎತ್ತಿನ ಗಾಡಿ ಹಿಡಿಸುವಷ್ಟು ಜಾಗ ಮಾತ್ರ ಉಳಿದಿತ್ತು. ಅದು ಸರಿಯಾಗಿ ಅಂಗಡಿಯ ಎದುರು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಕೆಲಸ ನಿಂತಿದೆ. ಮಿಕ್ಸರನ್ನೂ ಜಲ್ಲಿಯನ್ನೂ ಒಂದು ಬದಿಗೆ ಸರಿಸಿದ್ದಾರೆ, ಸಲಿಕೆಗಳನ್ನು ತೊಳೆದು ಒರಗಿಸಿದ್ದಾರೆ. ಗುತ್ತಿಗೆದಾರನ ಮೇಸ್ತ್ರಿ ಒಬ್ಬನೇ ಬೀಡಿ ಸೇದುತ್ತಾ ಕೂತಿದ್ದ. ಏನಾಯಿತು ಎಂದು ಕೇಳಿದೆ.

“ಅಮಾಸಿ ಐತಲ್ರಿ ಸರ. ಇವತ್ತ ಸಿಮೆಂಟ್ ಮುಟ್ಟಂಗಿಲ್ಲ.”

ನಾನು ಅಲ್ಲಿಯೇ ನಿಂತು ಎಂಜಿನಿಯರಿಗೆ ಫೋನ್ ಮಾಡಿದೆ. ಕೆಲಸ ಏಕೆ ನಿಲ್ಲಿಸಿದ್ದೀರಿ ಎಂದು ಕೇಳಿದೆ. “ಲೇಬರ್ ಬರಲ್ಲ ಸರ್, ನಾನೇನ್ ಮಾಡ್ಲಿ? ಅಮಾವಾಸ್ಯೆ ಅಂದ್ರೆ ನಿಮಗೆ ಗೊತ್ತಲ್ಲ,” ಎಂದರು. ಯಾವ ವ್ಯಂಗ್ಯವೂ ಇರಲಿಲ್ಲ ಆ ದನಿಯಲ್ಲಿ. ಕಾಂಕ್ರೀಟಿಗೆ ಅಮಾವಾಸ್ಯೆ ಇದೆ, ನಮೂನೆಗೆ ಇಲ್ಲ. ನಾನು ಏನೇನೋ ಕೂಗಿದೆನಂತೆ. ಏನು ಕೂಗಿದೆನೆಂದು ನೆನಪಿಲ್ಲ. ಮೇಸ್ತ್ರಿ ಬೀಡಿ ಆರಿಸಿ ಸ್ವಲ್ಪ ದೂರ ಹೋಗಿ ಕೂತದ್ದು ನೆನಪಿದೆ.

ಕೂಗಾಟ ಕೇಳಿ ಅಕ್ಕ ಶಾಲೆಯ ಅಡುಗೆಮನೆಯಿಂದ ಹೊರಬಂದರು. ಸಂದಿನ ಕಡೆ ನೋಡಿದರು. ಕಾಲೊನಿಯ ಕಡೆ ನೋಡಿದರು. ಅಲ್ಲಿ ನಲ್ಲಿಯ ಹತ್ತಿರ ಸಾಲಾಗಿ ಸೈಕಲ್ ತೊಳೆಯುತ್ತಿದ್ದರು. ಆಮೇಲೆ ನಡೆದದ್ದನ್ನು ಯಾರು ಯೋಚಿಸಿದರು ಎಂದು ಈಗ ಕೇಳಿದರೆ ಅಕ್ಕ ಅಂಗಡಿಯವನ ಹೆಸರು ಹೇಳುತ್ತಾರೆ, ಅಂಗಡಿಯವನು ಅಕ್ಕನ ಹೆಸರು ಹೇಳುತ್ತಾನೆ. ನನ್ನ ಹೆಸರನ್ನು ಇಬ್ಬರೂ ಹೇಳುವುದಿಲ್ಲ, ಅದೊಂದು ಸರಿಯಾಗಿದೆ. ನಾನು ಕಂಡದ್ದಿಷ್ಟು. ಮಧ್ಯಾಹ್ನದ ಊಟ ಬಡಿಸಿ ಮುಗಿಸಿ ಅಕ್ಕ ಕಾಲೊನಿಗೆ ಹೋದರು. ಅಂಗಡಿಯವನಿಗೆ ಹೇಳಿಕಳಿಸಿದರು. ಅವನು ಬಂದು, ಅವನ ಜೀವಮಾನದಲ್ಲಿ ಮೊದಲ ಸಲ ಇರಬೇಕು, ಅಮಾವಾಸ್ಯೆಯ ದಿನ ಪೆಟ್ಟಿಗೆಯ ಬೀಗ ತೆಗೆದ. ಬಿಸಿಲು ಇಳಿಯುವ ಹೊತ್ತಿಗೆ ತೊಳೆದ ಸೈಕಲ್ಲುಗಳು ಒಂದೊಂದಾಗಿ ಬಂದವು. ಬಂದವರಿಗೆಲ್ಲ ಅವನು ಗಾಳಿ ಹೊಡೆದುಕೊಟ್ಟ. ಪೂಜೆಯನ್ನು ಮನೆ ಮುಂದೆ ಮಾಡುವ ಬದಲು ಆ ಸಂದಿನಲ್ಲಿ ಮಾಡಿದರು. ಒಬ್ಬೊಬ್ಬರೂ ಒಂದೊಂದು ನಿಂಬೆಹಣ್ಣಿಟ್ಟು, ಅದರ ಮೇಲೆ ಚಕ್ರ ಹಾಯಿಸಿ, ಆಚೆಯಿಂದ ಈಚೆಗೆ ದಾಟಿದರು. ಕೊನೆಗೆ ಒಬ್ಬ ಹಿರಿಯ ಹಮಾಲ ಸಂದಿನ ನಟ್ಟನಡುವೆ ಕಾಯಿ ಒಡೆದ. ಕುಂಕುಮ, ಹೂವು, ಜಜ್ಜಿದ ನಿಂಬೆಹಣ್ಣಿನ ರಾಶಿ. ಯಾರೂ ಘೋಷಣೆ ಕೂಗಲಿಲ್ಲ, ಬ್ಯಾನರ್ ಇರಲಿಲ್ಲ. ನಿತ್ಯದ ಕೆಲಸದ ಹಾಗೆ ಮಾಡಿ ಹೋದರು.

ನಾನು ಬೇವಿನ ಮರದ ಕೆಳಗೆ ಕೈಕಟ್ಟಿ ನಿಂತು ನೋಡಿದೆ ಎಂಬುದು ನನ್ನ ನೆನಪು. ಅಂಥದ್ದರಲ್ಲಿ ನಾನು ಸೇರುವವನಲ್ಲ. ಅಕ್ಕನ ಫೋನಿನಲ್ಲಿ ಒಂದು ಫೋಟೋ ಇದೆ. ಅದರಲ್ಲಿ ನನ್ನ ಸೈಕಲ್ಲಿನ ಹ್ಯಾಂಡಲ್ಲಿಗೆ ಕುಂಕುಮವಿದೆ, ಮುಂದಿನ ಚಕ್ರದ ಕೆಳಗೆ ನಿಂಬೆಹಣ್ಣಿದೆ, ಸೈಕಲ್ಲನ್ನು ಹಿಡಿದುಕೊಂಡಿರುವವನು ನಾನು. ನಗುತ್ತಲೂ ಇದ್ದೇನೆ.

ಮರುದಿನ ಬೆಳಿಗ್ಗೆ ಕೆಲಸಗಾರರು ಬಂದು ನಿಂತರು. ಯಾರೂ ಸಲಿಕೆ ಎತ್ತಲಿಲ್ಲ. ಮೇಸ್ತ್ರಿ ಸಂದಿನ ಅಂಚಿನಲ್ಲಿ ನಿಂತು ತಲೆ ಅಲ್ಲಾಡಿಸಿದ. ಅವನು ಯಾರಿಗೂ ಹೆದರುವವನಲ್ಲ. ಗುತ್ತಿಗೆದಾರನಿಗೂ ಎದುರು ಮಾತಾಡುತ್ತಿದ್ದ. ಎಂಜಿನಿಯರು ಬೈಕಿನಲ್ಲಿ ಬಂದರು.

“ಗುಡಿಸಿ ಹಾಕ್ರಪ್ಪ, ನಿಂಬೆಹಣ್ಣು ತಾನೆ,” ಎಂದರು.

“ನೀವ ಗುಡಿಸ್ರಿ ಸಾಹೇಬ್ರ,” ಎಂದ ಮೇಸ್ತ್ರಿ. “ಅಮಾಸಿ ಪೂಜಿ ಅದು. ನಾ ಮುಟ್ಟಂಗಿಲ್ಲ, ನನ್ನ ಮಂದಿನೂ ಮುಟ್ಟಂಗಿಲ್ಲ.”

ಎಂಜಿನಿಯರು ನಿಂಬೆಹಣ್ಣುಗಳನ್ನು ನೋಡಿದರು. ಪೊರಕೆಯನ್ನು ನೋಡಿದರು. ಅವರೂ ಮುಟ್ಟಲಿಲ್ಲ. ಬಿ.ಇ. ಓದಿದವರು. ನಾನು ಅವರನ್ನು ದೂರುವುದಿಲ್ಲ, ಏಕೆಂದರೆ ನಾನೂ ಮುಟ್ಟುತ್ತಿದ್ದೆನೋ ಇಲ್ಲವೋ ನನಗೆ ಗೊತ್ತಿಲ್ಲ. ಅವರು ನನ್ನನ್ನು ಅಂಗಡಿಯ ನೆರಳಿಗೆ ಕರೆದರು. ಮೆಲ್ಲಗೆ ಹೇಳಿದರು: ಸಂದು ಬಿಡಬಹುದು, ಸಣ್ಣ ಬದಲಾವಣೆ ಎಂದು ಬರೆದುಕೊಂಡರೆ ಆಗುತ್ತದೆ. ಆದರೆ ಫೈಲಿನಲ್ಲಿ ನಿಮ್ಮ ಎಣಿಕೆ ಇದೆ. ಸೈಕಲ್ಲೇ ಇಲ್ಲದ ಜಾಗದಲ್ಲಿ ಸಂದು ಏಕೆ ಬಿಟ್ಟಿರಿ ಎಂದು ನಾಳೆ ನನ್ನನ್ನು ಕೇಳುತ್ತಾರೆ. ಆ ಹಾಳೆ ವಾಪಸ್ ತೆಗೆದುಕೊಂಡು ಹೊಸದು ಕೊಡಿ.

ಎರಡನ್ನೂ ಇಡಿ ಎಂದೆ. ಎರಡು ಎಣಿಕೆ ಇಟ್ಟರೆ ಎರಡು ಪ್ರಶ್ನೆ ಬರುತ್ತವೆ, ಒಂದೇ ಇರಬೇಕು ಎಂದರು. ಮೊದಲಿನದು ಆಗಿಯೇ ಇಲ್ಲ ಎನ್ನುವ ಹಾಗೆ.

ಅಂಗಡಿಯವನು ನಮ್ಮ ಮಾತು ಕೇಳುತ್ತಿದ್ದ. ನನ್ನ ಮುಖ ನೋಡಲಿಲ್ಲ. ಒಂದು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಸುತ್ತಿಸುತ್ತಾ, ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತಿದ್ದ. ಅದು ಆಗಲೇ ಅವನು ಪ್ಯಾಚ್ ಹಾಕಿ ಮುಗಿಸಿದ ಟ್ಯೂಬು. ಎಲ್ಲೂ ಗುಳ್ಳೆ ಏಳುತ್ತಿರಲಿಲ್ಲ. ಆದರೂ ಸುತ್ತಿಸುತ್ತಲೇ ಇದ್ದ.

ಕೊಡುತ್ತೇನೆ ಎಂದೆ.

ಅದರ ಮರುದಿನ, ಒಂದು ಬುಧವಾರ, ಅದೇ ಕುರ್ಚಿಯಲ್ಲಿ ಕೂತು ಎಣಿಸಿದೆ. ಈ ಸಲ ಚೀಟಿ ಎತ್ತಲಿಲ್ಲ. ಗೀಟು ಹಾಕಿ ಹಾಕಿ ಕೈ ನೋವು ಬಂತು. ಬಿಳಿ ಟವೆಲ್ ಸುತ್ತಿದ ಒಬ್ಬ ಹಮಾಲ ಮೂರನೆಯ ಸಲ ದಾಟಿದಾಗ ನಿಲ್ಲಿಸಿ ಕೇಳಿದೆ. ಬೀಡಿ ಮರ್ತಿದ್ದೆ ಸರ, ಎಂದ. ಅದಕ್ಕೂ ಮೊದಲು ಏನು ಮರೆತಿದ್ದಿ ಎಂದರೆ, ಬೆಂಕಿಪೊಟ್ಟಣ ಎಂದ. ಅವನನ್ನು ಒಂದೇ ಎಂದು ಲೆಕ್ಕ ಹಿಡಿದೆ. ಉಳಿದವರಲ್ಲಿ ಇಂಥವರು ಎಷ್ಟಿದ್ದರೋ. ಹಾಳೆಯ ಕೊನೆಗೆ ಸಹಿ ಹಾಕಿ ಕೊಟ್ಟು ಹಳೆಯದನ್ನು ವಾಪಸ್ ಪಡೆದೆ. ಕಚೇರಿಯ ಮೆಟ್ಟಿಲ ಮೇಲೆಯೇ ಅದನ್ನು ಹರಿದೆ. ನಾನು ಮಾಡಿದ ಎರಡು ಎಣಿಕೆಗಳಲ್ಲಿ ಪ್ರಾಮಾಣಿಕವಾದದ್ದು ಅದೊಂದೇ. ಹರಿದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಪಶ್ಚಾತ್ತಾಪವಿಲ್ಲದಿರುವುದು ಮಾತ್ರ ಸ್ವಲ್ಪ ಕಾಡುತ್ತದೆ. ಈಗ ಫೈಲಿನ ಪ್ರಕಾರ ಅಮಾವಾಸ್ಯೆಯ ಎಣಿಕೆ ನಡೆದೇ ಇಲ್ಲ. ನಾನು ಬರೆಯುತ್ತಿರುವ ಇದಕ್ಕೆ ಒಂದು ಚೂರು ಕಾಗದದ ಸಾಕ್ಷಿಯೂ ಇಲ್ಲ, ನನ್ನ ತಲೆಯ ಹೊರತು. ಆ ತಲೆಯ ವಿಚಾರ ಆಗಲೇ ಹೇಳಿದ್ದೇನೆ.

ಸಂದು ಬಿಟ್ಟರು. ಎರಡು ಸೈಕಲ್ ಪಕ್ಕಪಕ್ಕ ಹೋಗುವಷ್ಟು. ಒಂದೇ ವಾರದಲ್ಲಿ ಬೈಕಿನವರು ಅದನ್ನು ಕಂಡುಕೊಂಡರು. ಈಗ ಸರ್ಕಲ್ಲಿನವರೆಗೆ ಹೋಗಲು ಬೇಸರವಾದವರೆಲ್ಲ ಅಲ್ಲಿಯೇ ತಿರುಗುತ್ತಾರೆ. ಸೈಕಲ್ಲಿನವರು ಅವರು ಹೋಗುವವರೆಗೆ ಕಾಯಬೇಕು. ಬೈಕು ನುಗ್ಗದ ಹಾಗೆ ಮಧ್ಯೆ ಒಂದು ಕಬ್ಬಿಣದ ಕಂಬ ಹುಗಿಸಿ ಎಂದು ಮನವಿ ಕೊಟ್ಟಿದ್ದೇನೆ. ಎಂಜಿನಿಯರಿಗೆ ವರ್ಗವಾಗಿದೆ. ಹೊಸಬರು ನೋಡೋಣ ಎಂದಿದ್ದಾರೆ.

ಮೊನ್ನೆ, ಇದನ್ನು ಬರೆಯಲು ಶುರು ಮಾಡುವ ಮೊದಲು, ಅಂಗಡಿಗೆ ಹೋಗಿ ಅವನನ್ನೇ ಕೇಳಿದೆ. ಮಧ್ಯಾಹ್ನ, ಇಬ್ಬರೇ ಇದ್ದೆವು. ಅವನು ನನ್ನ ಹಿಂದಿನ ಚಕ್ರ ಬಿಚ್ಚಿ ಕೂತಿದ್ದ.

“ಅವತ್ತ ಚೀಟಿ ಎತ್ತಿದಾಗ, ಅಮಾಸಿ ಐತಿ ಅಂತ ನೀ ಹೇಳಿದ್ದೇನಲೇ?”

ಅವನು ಚಕ್ರ ತಿರುಗಿಸಿ ಬೆಂಡು ನೋಡಿದ. “ಹೇಳಿದ್ರ ಕೇಳ್ತಿದ್ದೇನಲೇ ನೀ?”

ನಾನು ಯೋಚಿಸಬೇಕಾಗಿರಲಿಲ್ಲ. ಇಲ್ಲ ಎಂದೆ.

“ಮತ್ತ ಈಗ್ಯಾಕ ಕೇಳ್ತಿ? ಆ ಪಾನಾ ಕೊಡು ಇಲ್ಲಿ.”

ನಟ್ಟು ಬಿಗಿಯುವ ಆ ಪಾನಾವನ್ನು ಕೊಟ್ಟೆ. ಅಷ್ಟರಲ್ಲಿ ಆಚೆ ಬದಿಯಿಂದ ವಯಸ್ಸಾದ ಗೌಂಡಿಯೊಬ್ಬ ಗಾಳಿ ಹೋದ ಸೈಕಲ್ ತಳ್ಳಿಕೊಂಡು ಸಂದಿಗೆ ಬಂದು ನಿಂತ. ಒಂದರ ಹಿಂದೆ ಒಂದು ಬೈಕು ಅಡ್ಡ ತಿರುಗುತ್ತಿದ್ದವು, ಯಾವುದೂ ನಿಲ್ಲಲಿಲ್ಲ. ನಾನು ಹಲ್ಲು ಕಡಿಯುತ್ತಾ, ಇವರ ಮೇಲೆ ಇನ್ನೊಂದು ಮನವಿ ಬರೆಯಬೇಕು ಎನ್ನುತ್ತಿದ್ದೆ. ಅಂಗಡಿಯವನು ಕೈ ಒರೆಸಿಕೊಂಡು ಎದ್ದು ರಸ್ತೆಗೆ ಇಳಿದ. ಪಾನಾ ಹಿಡಿದ ಕೈಯನ್ನೇ ಬೈಕುಗಳಿಗೆ ಅಡ್ಡ ಚಾಚಿ ನಿಲ್ಲಿಸಿ, ಇನ್ನೊಂದು ಕೈಯಲ್ಲಿ ಸೈಕಲ್ಲಿನ ಹ್ಯಾಂಡಲ್ ಹಿಡಿದು, ಗಿರಾಕಿಯನ್ನು ಈಚೆ ಬದಿಗೆ ಕರೆದುಕೊಂಡು ಬಂದ.